ನೆಗಡಿಯ ಮೂಗಿನಲ್ಲಿ ‘ಸೋಂಕು’ ಯಾವುದು, ‘ಒಕ್ಕಲು’ ಯಾವುದು?

ಮಾನ್ಯರೇ,

ಮಂಡ್ಯದ ಸುತ್ತಲಿನ ಹಳ್ಳಿಗಳಲ್ಲಿ ಹಂಚಲೆಂದು ನೆಗಡಿ ಮತ್ತು ಆ್ಯಂಟಿಬಯೋಟಿಕ್ ಮಾತ್ರೆಗಳ ಬಗ್ಗೆ ಬರೆಯುತ್ತಿರುವ ಕಿರುಹೊತ್ತಗೆಗೆ, ಬ್ಯಾಕ್ಟೀರಿಯಾ ಕಾಯಿಲೆ ತರದೆ ಮೈಯಲ್ಲಿ ಸುಮ್ಮನಿರುವ ಸ್ಥಿತಿಯನ್ನು ಹೇಳಲು ಒಂದು ಪದ ಬೇಕಾಗಿದೆ.

ನ್ಯುಮೊಕಾಕಸ್, ಹೀಮೊಫಿಲಸ್, ಮೊರಾಕ್ಸೆಲಾ ಮುಂತಾದ ಬ್ಯಾಕ್ಟೀರಿಯಾಗಳು ಆರೋಗ್ಯವಂತರ, ಅದರಲ್ಲೂ ಚಿಕ್ಕ ಮಕ್ಕಳ, ಮೂಗಿನ ಹಿಂಭಾಗದಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರುವುದುಂಟು. ನೆಗಡಿಯನ್ನು ತರುವುದು ರೈನೊವೈರಸ್ ಮೊದಲಾದ ವೈರಸ್‌ಗಳೇ ಹೊರತು ಇವಲ್ಲ. ಆದರೆ ನೆಗಡಿಯಿಂದ ಒಳಪೊರೆ ಊದಿಕೊಂಡು, ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿಗೂಡುಗಳಾದ ಸೈನಸ್‌ಗಳ ಕಿರಿದಾದ ಬಾಯಿ ಕಟ್ಟಿ, ಒಳಗಿನ ಲೋಳೆ ಹರಿದುಹೋಗದೆ ನಿಂತಾಗ, ಇವೇ ಅಲ್ಲಿ ಹೆಚ್ಚಿಕೊಂಡು ಕಾಯಿಲೆಯಾಗಬಲ್ಲವು. ವಯಸ್ಕರಲ್ಲಿ ಹೀಗಾಗುವುದು 100 ನೆಗಡಿಗಳಲ್ಲಿ ಹೆಚ್ಚೆಂದರೆ ಸುಮಾರು 2ರಲ್ಲಿ.

ಸುಮ್ಮನಿರುವ ಸ್ಥಿತಿಗೆ ವೈದ್ಯರು ‘ಕಾಲೊನೈಸೇಷನ್’ ಎಂದೂ ಕಾಯಿಲೆಯ ಸ್ಥಿತಿಗೆ ‘ಇನ್‌ಫೆಕ್ಷನ್’ ಎಂದೂ ಹೇಳುತ್ತಾರೆ. ನಮ್ಮ ಬರಹಗಳಲ್ಲಿ ಎರಡಕ್ಕೂ ‘ಸೋಂಕು’ ಎಂದೇ ಬರುವುದನ್ನು ಕಂಡಿದ್ದೇನೆ. ಸೋಂಕು ಎಂದರೆ ಮೂಲದಲ್ಲಿ ತಾಗುವುದು. ಮೈ ಸೋಂಕಿತು, ಗಾಳಿ ಸೋಂಕಿತು ಎನ್ನುತ್ತೇವೆ. ಹಾಗಾಗಿ ಈ ಬಳಕೆ ವ್ಯಾಕರಣಕ್ಕೆ ತಪ್ಪಲ್ಲ, ಆದರೆ ‘ಮೂಗಿನಲ್ಲಿ ಬ್ಯಾಕ್ಟೀರಿಯಾ ಸೋಂಕಿದೆ’ ಎಂದು ಓದಿದವರು ನೇರವಾಗಿ ಔಷಧಿ ಅಂಗಡಿಗೆ ಹೋಗಿ ಮಾತ್ರೆ ಕೇಳುತ್ತಾರೆ. ‘ವಸಾಹತು’ ಎಂಬುದರಲ್ಲಿ ಬ್ರಿಟಿಷರ ಕಾಲದ ವಾಸನೆ ಇದೆ. ‘ನೆಲೆಸುವಿಕೆ’ ಸ್ಪಷ್ಟವಾಗಿದ್ದರೂ ಸಪ್ಪೆ. ನನಗೆ ಹಿಡಿಸಿರುವುದು ‘ಒಕ್ಕಲು’: ‘ಮೂಗಿನಲ್ಲಿ ಒಕ್ಕಲಾಗಿರುವ ಬ್ಯಾಕ್ಟೀರಿಯಾ’ ಎಂದರೆ ಅದು ಅಲ್ಲಿ ಬಹುದಿನದಿಂದ ಇರುವಂಥದ್ದು, ಇದ್ದ ಮಾತ್ರಕ್ಕೆ ಓಡಿಸಬೇಕಾದದ್ದಲ್ಲ ಎಂಬ ಅರ್ಥ ತಾನಾಗಿಯೇ ಬರುತ್ತದೆ. ಒಕ್ಕಲು ಎಂದೊಡನೆ ಬೇಸಾಯಗಾರರೇ ನೆನಪಾಗುವ ನಮ್ಮ ಸೀಮೆಯಲ್ಲಿ ಇದು ನಗೆಗೀಡಾದೀತೇ, ಅಥವಾ ಯಾರಿಗಾದರೂ ನೋವಾದೀತೇ ಎಂಬ ಅಳುಕು ಮಾತ್ರ ಇದೆ.

ಜೊತೆಗೆ ಇನ್ನೊಂದು. ಹಳದಿ ಅಥವಾ ಹಸಿರು ಸಿಂಬಳವನ್ನು ‘ಕೀವು’ ಎನ್ನುವುದುಂಟು. ಹಸಿರು ಬಣ್ಣ ಬರುವುದು ಮುಖ್ಯವಾಗಿ ನಮ್ಮದೇ ಬಿಳಿ ರಕ್ತಕಣಗಳ ಕಿಣ್ವವೊಂದರಿಂದ. ವೈರಸ್ ನೆಗಡಿಯಲ್ಲೂ ಅದು ಸಹಜವಾದ್ದರಿಂದ, ಬಣ್ಣವೊಂದೇ ಬ್ಯಾಕ್ಟೀರಿಯಾ ಕಾಯಿಲೆಗೆ ಸಾಕ್ಷಿಯಲ್ಲ. ‘ಬಲಿತ ಸಿಂಬಳ’ ಎಂದರೆ ಸರಿಹೋದೀತೇ? 10 ದಿನ ಕಳೆದರೂ ಇಳಿಯದ, ಇಲ್ಲವೇ ಇಳಿದು ಮತ್ತೆ ಏರುವ ನೆಗಡಿಯಲ್ಲಿ ಬ್ಯಾಕ್ಟೀರಿಯಾವನ್ನು ಶಂಕಿಸಬೇಕು. ಎರಡನೆಯದಕ್ಕೆ ‘ಮರುಕಳಿಸು’ ಎಂಬ ಒಳ್ಳೆಯ ಪದ ನಮ್ಮಲ್ಲೇ ಇರುವುದರಿಂದ ಅಲ್ಲಿ ತೊಡಕಿಲ್ಲ.

ಮೈಸೂರು ಕಡೆಯ ವೈದ್ಯರು ರೋಗಿಗಳೊಡನೆ ಮಾತನಾಡುವಾಗ ಬ್ಯಾಕ್ಟೀರಿಯಾ ಸುಮ್ಮನಿರುವ ಮತ್ತು ಕಾಯಿಲೆ ತರುವ ಈ ಎರಡು ಸ್ಥಿತಿಗಳನ್ನು ಯಾವ ಪದಗಳಿಂದ ಬೇರ್ಪಡಿಸುತ್ತಾರೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.