ಎಲೆಕ್ಟ್ರಿಷಿಯನ್ ಕೆಲಸ, ಸಂಬಳ: ಗುತ್ತಿಗೆದಾರರನ್ನು ಕೇಳಿ

ನಿರ್ವಾಹಕ: ಕರ್ನಾಟಕದಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಹೇಗಿದೆ, ಸಂಬಳ ಎಷ್ಟು ಅಂತ ತುಂಬಾ ಜನ ಕೇಳುತ್ತಿದ್ದೀರಿ. ದಾವಣಗೆರೆ ಕಡೆಯ, ಲೈಸೆನ್ಸ್ ಇರುವ ಗುತ್ತಿಗೆದಾರರೊಬ್ಬರು ಇವತ್ತು ಉತ್ತರ ಕೊಡುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತುಮಕೂರಿನ ಸದಸ್ಯ: ನಮಸ್ಕಾರ ಸರ್. ಐಟಿಐ ಎಲೆಕ್ಟ್ರಿಷಿಯನ್ ಎರಡು ವರ್ಷ ಮುಗಿಸಿದ್ದೇನೆ. ಸಂಬಳ ಎಷ್ಟು ಸಿಗಬಹುದು?

ಗುತ್ತಿಗೆದಾರರು: ಫ್ಯಾಕ್ಟರಿಗೆ ಅಪ್ರೆಂಟಿಸ್ ಆಗಿ ಸೇರಿದರೆ ಮೊದಲು ಸ್ಟೈಪೆಂಡ್ ಅಷ್ಟೇ. ಮನೆ ವೈರಿಂಗ್‌ಗೆ ನಾನು ಹೊಸ ಹುಡುಗನಿಗೆ ದಿನಕ್ಕೆ 600 ಕೊಡುತ್ತೇನೆ. ಒಬ್ಬನೇ ನಿಂತು ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಕನೆಕ್ಷನ್ ಮುಗಿಸುವವನಿಗೆ 1,000. ಅದನ್ನು 30ರಿಂದ ಗುಣಿಸಬೇಡಿ. ಸ್ಲ್ಯಾಬ್ ಪೈಪಿಂಗ್ ಆಯಿತು ಅಂದರೆ ಗೋಡೆ ಏಳುವ ತನಕ ಆ ಮನೆಯಲ್ಲಿ ನಮಗೆ ಕೂಲಿ ಇಲ್ಲ.

ಹಾವೇರಿಯ ಸದಸ್ಯ: ಐಟಿಐ ಆದವರಿಗೆ ಎಷ್ಟು ಸಂಬಳ ಸರ್?

ಗುತ್ತಿಗೆದಾರರು: ಮೇಲೆ ಇದೆ.

ಕೊಪ್ಪಳದ ಸದಸ್ಯ: ಸರ್, ಲೈನ್ ಕೆಲಸದ ಕಾಂಟ್ರಾಕ್ಟರ್ ಒಬ್ಬರ ಹತ್ತಿರ ಒಂದು ವರ್ಷದಿಂದ ಇದ್ದೇನೆ. ಕೈಗೆ 13,000. ಪರ್ಮಿಟ್ ಇಲ್ಲ, ಆದ್ರೂ ಕಂಬ ಹತ್ತಿಸುತ್ತಾರೆ. ಲೈನ್ ಆಫ್ ಆಗಿದೆ, ಫೋನಲ್ಲಿ ಹೇಳಿದ್ದಾರೆ, ಹತ್ತು ಅಂತಾರೆ. ಹೋದ ವಾರ ಹತ್ತಿದಾಗ ಕೈ ಜುಮ್ ಅಂತು. ಇನ್ನೊಂದು ವರ್ಷ ಇರು, ಎಸ್ಕಾಂನಲ್ಲಿ ಕಾಯಂ ಮಾಡಿಸ್ತೀನಿ ಅಂದಿದ್ದಾರೆ. ಇರಲಾ, ಬಿಡಲಾ?

ಗುತ್ತಿಗೆದಾರರು: ತಮ್ಮಾ, ಸಂಬಳದ ಮಾತು ಆಮೇಲೆ. ಕೈ ಜುಮ್ ಅಂದಿದೆ ಅಂದರೆ ಆ ತಂತಿಯಲ್ಲಿ ಕರೆಂಟ್ ಇತ್ತು. ಸ್ಟೇಷನ್‌ನಲ್ಲಿ ಆಫ್ ಮಾಡಿದ್ದರೂ, ಯಾರೋ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯಲ್ಲಿ ಜನರೇಟರ್ ಹಚ್ಚಿದರೆ ಸಾಕು, ಕರೆಂಟ್ ಹಿಂದಕ್ಕೆ ಬರುತ್ತದೆ. ಟಿಸಿ (ಟ್ರಾನ್ಸ್‌ಫಾರ್ಮರ್) ದಾಟಿದರೆ ಆ 230 ವೋಲ್ಟೇ 11 ಕೆವಿ ಕಡೆ ಸಾವಿರಾರು ವೋಲ್ಟ್ ಆಗುತ್ತದೆ. ಫೋನಲ್ಲಿ ಹೇಳಿದ್ದು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ಅಲ್ಲ. ಎಲ್‌ಸಿ ಬರವಣಿಗೆಯಲ್ಲಿ ಇರಬೇಕು. ಸ್ವಿಚ್ ಓಪನ್ ಆಗಿರುವುದನ್ನು ಕಣ್ಣಾರೆ ನೋಡಬೇಕು. ಲೈನ್ ಟೆಸ್ಟ್ ಮಾಡಬೇಕು. ಕೆಲಸ ಮಾಡುವ ಜಾಗದ ಎರಡೂ ಕಡೆ ಅರ್ಥ್ ರಾಡ್ ಹಾಕಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಹತ್ತಬೇಡ. ಬೈದರೆ ಬೈಸಿಕೋ.

ಇನ್ನು ಕಾಯಂ ಮಾಡಿಸುವುದು ಅವರ ಕೈಯಲ್ಲಿ ಇಲ್ಲವೇ ಇಲ್ಲ. 2024ರಲ್ಲಿ ಕೆಪಿಟಿಸಿಎಲ್ ಕಿರಿಯ ಪವರ್‌ಮ್ಯಾನ್, ಸ್ಟೇಷನ್ ಪರಿಚಾರಕ ಸೇರಿ 2,975 ಹುದ್ದೆಗೆ ಅರ್ಜಿ ಕರೆಯಿತು. ನೋಡಿದ್ದು ಎಸ್ಸೆಸ್ಸೆಲ್ಸಿ ಅಂಕ, ಜೊತೆಗೆ 8 ಮೀಟರ್ ಕಂಬ ಹತ್ತುವ ಪರೀಕ್ಷೆ. ಯಾವ ಕಾಂಟ್ರಾಕ್ಟರ್ ಶಿಫಾರಸೂ ಅಲ್ಲ. ನಿನಗೆ ಬೇಕಾಗಿರುವುದು ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಪರ್ಮಿಟ್. ಇನ್ನೊಂದು, ಇಎಸ್‌ಐ ವಿಮೆ ಇದೆಯಾ? 13,000ಕ್ಕೆ ನಿನ್ನ ಪಾಲು ತಿಂಗಳಿಗೆ 100 ರೂಪಾಯಿ ಕೂಡ ಆಗುವುದಿಲ್ಲ. ಪಿಎಫ್ ಹಿಡಿಯುತ್ತಿದ್ದರೆ ಯುಎಎನ್ (ನಿನ್ನ ಪಿಎಫ್ ನಂಬರ್) ಹಾಕಿ ಪಾಸ್‌ಬುಕ್ ನೋಡು. ಇವತ್ತೇ ನೋಡು.

ಬಳ್ಳಾರಿಯ ಸದಸ್ಯ: ಶಾಕ್ ಹೊಡೆದವರನ್ನು ಕುತ್ತಿಗೆ ತನಕ ಮಣ್ಣಲ್ಲಿ ಹೂತರೆ ಭೂಮಿ ಕರೆಂಟ್ ಎಳೆದುಕೊಳ್ಳುತ್ತದೆ. ಎಲ್ಲರಿಗೂ ಕಳಿಸಿ 🙏

ಗುತ್ತಿಗೆದಾರರು: ಅಳಿಸಿ ಅದನ್ನು. ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ನಿಂತಿರುವುದು ಹೃದಯ. ನೀವು ಗುಂಡಿ ತೋಡುವಷ್ಟರಲ್ಲಿ ಜೀವ ಹೋಗಿರುತ್ತದೆ. ಮನೆಯಲ್ಲಾದರೆ ಮೇನ್ ಆಫ್ ಮಾಡಿ. ಲೈನ್ ತಂತಿ ಆದರೆ ಆಫ್ ಆಗುವ ತನಕ ಹತ್ತಿರ ಹೋಗಬೇಡಿ. ಉಸಿರಿಲ್ಲದಿದ್ದರೆ ಎದೆ ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಬಳ್ಳಾರಿಯ ಸದಸ್ಯ: ನಮ್ಮ ಹಿರಿಯರು ದಡ್ಡರಾ ಸರ್?

ಗುತ್ತಿಗೆದಾರರು: ನಿಮ್ಮ ಹಿರಿಯರ ಕಾಲದಲ್ಲಿ ಊರಿಗೆ ಕರೆಂಟೇ ಬಂದಿರಲಿಲ್ಲ.

ಹಾಸನದ ಸದಸ್ಯೆ: ಮಗಳು ಐಟಿಐ ಎಲೆಕ್ಟ್ರಿಷಿಯನ್ ಸೇರ್ತೀನಿ ಅಂತಾಳೆ. ಹೆಣ್ಣುಮಕ್ಕಳಿಗೆ ಸೈಟಲ್ಲಿ ಕೆಲಸ ಕೊಡ್ತಾರಾ ಸರ್?

ಬೆಂಗಳೂರಿನ ಸದಸ್ಯ: ಐಟಿಐ ಸುಮ್ನೆ ವೇಸ್ಟ್, ಡಿಪ್ಲೊಮಾ ಮಾಡಿ. ಸೂಪರ್‌ವೈಸರ್ ಆಗಬಹುದು.

ತುಮಕೂರಿನ ಸದಸ್ಯ: ಡಿಪ್ಲೊಮಾ ಮಾಡಿದವರು ನಮ್ಮ ಸೈಟಿಗೆ ಬಂದು ನ್ಯೂಟ್ರಲ್ ಯಾವುದು ಅಂತ ನಮ್ಮನ್ನೇ ಕೇಳುತ್ತಾರೆ.

ಬೆಂಗಳೂರಿನ ಸದಸ್ಯ: ಅದಕ್ಕೇ ನೀವಿನ್ನೂ ಗೋಡೆ ಕೊರೆಯುತ್ತಾ ಇರೋದು.

ಮಂಡ್ಯದ ಸದಸ್ಯ: ಹೊರಗಿನವರು ಬಂದು ಪಾಯಿಂಟ್ ರೇಟ್ ಇಳಿಸಿದರು. ಅದನ್ನ ಯಾರೂ ಮಾತಾಡಲ್ಲ!

ತುಮಕೂರಿನ ಸದಸ್ಯ: ರೇಟ್ ಇಳಿಸಿದ್ದು ಅವರಲ್ಲ ಅಣ್ಣ, ಬಿಲ್ಡರ್. ಅವರಿಗೂ ಕೂಲಿ ಮೂರು ತಿಂಗಳು ಬಾಕಿ.

ನಿರ್ವಾಹಕ: ಜಗಳ ಸಾಕು.

ಮಂಡ್ಯದ ಸದಸ್ಯ: ಜಗಳ ಅಲ್ಲ, ಹೊಟ್ಟೆಪಾಡು.

ಮಂಗಳೂರಿನ ಸದಸ್ಯ: ದುಬೈಗೆ ಎಲೆಕ್ಟ್ರಿಷಿಯನ್ ಬೇಕಂತೆ, ಅನುಭವ ಬೇಡ, ತಿಂಗಳಿಗೆ 90,000. ಏಜೆಂಟ್ 1.5 ಲಕ್ಷ ಕೇಳ್ತಾರೆ. ಸೇರಲಾ ಸರ್?

ಗುತ್ತಿಗೆದಾರರು: ಅನುಭವ ಬೇಡ ಅಂದಾಗಲೇ ಗೊತ್ತಾಗಬೇಕಿತ್ತು. ನೋಂದಾಯಿತ ಏಜೆಂಟ್ 30,000 ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಕೇಂದ್ರ ಸರ್ಕಾರದ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ಅವನ ಹೆಸರು ಇದೆಯಾ ನೋಡಿ. ಇಲ್ಲ ಅಂದರೆ ನನ್ನನ್ನು ಮತ್ತೆ ಕೇಳಬೇಡಿ.

ಗದಗದ ಸದಸ್ಯ: ಈ ಡಬ್ಬಿ ಸಾಕೆಟ್‌ಗೆ ಹಾಕಿದ್ರೆ ಬಿಲ್ ಅರ್ಧ ಆಗುತ್ತಂತೆ, ಮಾರಿದ್ರೆ ಒಳ್ಳೆ ಕಮಿಷನ್. ವಿಡಿಯೋ ನೋಡಿ ಸರ್.

ಗುತ್ತಿಗೆದಾರರು: ಒಳಗೆ ಒಂದು ಕೆಪಾಸಿಟರ್, ಒಂದು ಎಲ್‌ಇಡಿ. ಮನೆ ಮೀಟರ್ ಓಡುವುದು ಯೂನಿಟ್ ಮೇಲೆ, ಅದಕ್ಕೆ ಕೆಪಾಸಿಟರ್ ಏನೂ ಮಾಡುವುದಿಲ್ಲ. ವಿಡಿಯೋ ನೋಡುವುದಿಲ್ಲ.

ವಿಜಯಪುರದ ಸದಸ್ಯ: ಐಟಿಐಗೆ ಸಂಬಳ?

ಗುತ್ತಿಗೆದಾರರು: ಓದಲು ಬರುತ್ತದೆ ಅಲ್ವಾ?

ಶಿವಮೊಗ್ಗದ ಸದಸ್ಯ: ಇಷ್ಟು ಸಿಟ್ಟಾದರೆ ಯಾಕೆ ಉತ್ತರ ಕೊಡೋಕೆ ಕೂತ್ರಿ ಸರ್? ಸೋಲಾರ್ ಬಗ್ಗೆ ಕೇಳೋಣ ಅಂತಿದ್ದೆ, ಬಿಡಿ.

ಕೊಪ್ಪಳದ ಸದಸ್ಯ: ಸರ್, ಪಾಸ್‌ಬುಕ್ ನೋಡಿದೆ. ಸಂಬಳದಲ್ಲಿ ಪ್ರತಿ ತಿಂಗಳು ಹಿಡಿದಿದ್ದಾರೆ. ಪಾಸ್‌ಬುಕ್‌ನಲ್ಲಿ ಮೂರೇ ತಿಂಗಳದ್ದು ಇದೆ. ಇಎಸ್‌ಐ ನಂಬರೇ ಕೊಟ್ಟಿಲ್ಲ.

ಗುತ್ತಿಗೆದಾರರು: ಸಂಬಳದ ಚೀಟಿ, ಬ್ಯಾಂಕ್ ಮೆಸೇಜ್, ಹಾಜರಿ ಪುಸ್ತಕದ ಫೋಟೋ ಎಲ್ಲಾ ಇಟ್ಟುಕೋ. ಈ ಗುಂಪಿನಲ್ಲಿ ಹಾಕಬೇಡ, ನಿನ್ನ ಕಾಂಟ್ರಾಕ್ಟರ್ ಕಡೆಯವರೂ ಇಲ್ಲಿರಬಹುದು. ಪಿಎಫ್ ಕಚೇರಿಗೆ ದೂರು ಹೇಗೆ ಬರೆಯಬೇಕು ಅಂತ ನಾನು ಹೇಳುತ್ತೇನೆ, ರಾತ್ರಿ ಎಂಟರ ಮೇಲೆ ಫೋನ್ ಮಾಡು. ನಾಳೆ ಕಂಬ ಹತ್ತು ಅಂದರೆ ಎಲ್‌ಸಿ ನಂಬರ್ ಕೇಳು.