ಜರ್ಮನಿಯಾಗ 67, ಫ್ರಾನ್ಸ್‌ನ್ಯಾಗ ಕಮ್ಮಿ: ನಿವೃತ್ತಿ ವಯಸ್ಸು ದೇಶಕ್ಕೊಂದು ಯಾಕ?

ಮೋಲ್ಡರ್‌ನ ಮಗ, ಬೆಳಗಾವಿ:
ನಮಸ್ಕಾರ್ರೀ. ನಮ್ಮಪ್ಪ ಉದ್ಯಮಬಾಗದ ಫೌಂಡ್ರಿಯೊಳಗ (ಎರಕದ ಕಾರ್ಖಾನಿ) ಮೋಲ್ಡರ್, ಅಂದ್ರ ಉಸುಕಿನ ಅಚ್ಚು ಮಾಡಾಂವ. ಬರೂ ಶ್ರಾವಣಕ್ಕ 58 ತುಂಬತಾವು. ಉಸುಕು ತುಂಬಿದ ಮೋಲ್ಡಿಂಗ್ ಬಾಕ್ಸ್ ಎತ್ತಿ ಎತ್ತಿ ಸೊಂಟ ಹಿಡಕೊಂಡೈತಿ, ಬೆಳಿಗ್ಗೆ ಗ್ವಾಡಿ ಹಿಡದ ಏಳತಾನ. ಜರ್ಮನಿಯಾಗಿರೂ ನಮ್ಮ ಕಾಕಾನ ಮಗ, ಅಲ್ಲೆ ತನ್ನ ವಾರಗಿಯವರಿಗೆ ಪೆನ್ಶನ್ 67ಕ್ಕ ಅಂತಾನ. ಬಾಜೂಕಿನ ಫ್ರಾನ್ಸ್‌ನ್ಯಾಗ 2023ರಾಗ 62ರಿಂದ 64 ಮಾಡ್ತೀವಿ ಅಂದಿದ್ದಕ್ಕ ಮಂದಿ ಬೀದಿಗಿಳಿದ್ರು. ಎರಡೂ ಶ್ರೀಮಂತ ದೇಶ. ಹಿಂಗ್ಯಾಕ?

ನಿವೃತ್ತ ಮಾಸ್ತರ, ಬಾಗಲಕೋಟಿ:
ತಮ್ಮಾ, ಪೆನ್ಶನ್ ಸುರು ಆಗೂ ವಯಸ್ಸು ಬ್ಯಾರೆ, ನೌಕರಿ ಬಿಡಲೇಬೇಕಾದ ವಯಸ್ಸು ಬ್ಯಾರೆ. ನಾನು ಸರಕಾರಿ ಸಾಲಿ ಮಾಸ್ತರ, 60 ತುಂಬಿದ ತಿಂಗಳ ಕಡೀ ದಿನ ಶಾಲು ಹೊದಿಸಿ ಕಳಿಸಿದ್ರು. ನಮಗ ಎರಡೂ ಕೂಡೇ ಬರತಾವು, ಹಿಂಗಾಗಿ ಒಂದ ಅನಸ್ತೈತಿ. ಅಮೆರಿಕಾದಾಗ 1986ರ ಕಾನೂನಿನ ಪ್ರಕಾರ ಬಹಳಷ್ಟು ನೌಕರಿಯೊಳಗ ವಯಸ್ಸಾತಂತ ಮನಿಗೆ ಕಳಸೂ ಹಂಗಿಲ್ಲ. ಪೂರ್ತಿ ಪೆನ್ಶನ್ ಮಾತ್ರ, 1960 ಮತ್ತು ಆಮ್ಯಾಲೆ ಹುಟ್ಟಿದವರಿಗೆ, 67ಕ್ಕ. ಜಪಾನಿನಾಗ ಕಂಪನಿ 60ಕ್ಕ ನಿವೃತ್ತಿ ಮಾಡಬಹುದು, ಆದ್ರ ಬೇಕಂದವರಿಗೆ 65ರ ತನಕ ಕೆಲಸ ಕೊಡಬೇಕು. ಪಗಾರ ಬಹಳ ಕಡೆ ಇಳೀತೈತಿ.

ಯುರೋಪಿನ ಬಹಳಷ್ಟು ದೇಶದಾಗ ಇವತ್ತ ದುಡಿಯೋರು ಕಟ್ಟೂ ಕಂತಿನಿಂದನ ಇವತ್ತಿನ ವಯಸ್ಸಾದವರಿಗೆ ಪೆನ್ಶನ್. ಮಕ್ಕಳು ಕಮ್ಮಿ ಆದ್ರು, ಆಯುಷ್ಯ ಬೆಳೀತು, ಲೆಕ್ಕ ಹೊಂದವಲ್ದು. ಜರ್ಮನಿ 2012ರಿಂದ 2031ರ ತನಕ ಅಷ್ಟಷ್ಟ ತಿಂಗಳ ಕೂಡಿಸಿ 65ರಿಂದ 67ಕ್ಕ ಒಯ್ಯಾಕತ್ತೈತಿ. ಡೆನ್ಮಾರ್ಕ್ ಪೆನ್ಶನ್ ವಯಸ್ಸನ್ನ ಆಯುಷ್ಯಕ್ಕ ಗಂಟ ಹಾಕಿ, 2040ಕ್ಕ 70 ಅಂತ 2025ರಾಗ ಠರಾವು ಮಾಡ್ತು. ಫ್ರಾನ್ಸ್ 1982ರಾಗ 65ರಿಂದ 60ಕ್ಕ ಇಳಿಸಿತ್ತು. ಕೈಗೆ ಬಂದ ಹಕ್ಕು ಕಸಗೊಂಡ್ರ ಯಾರು ಸುಮ್ಮನಿರತಾರ?

ನರ್ಸ್ ಅಕ್ಕ, ವಿಜಯಪುರ:
ಸರ್ ಲೆಕ್ಕ ಹೇಳ್ಯಾರ, ಮೈ ವಿಚಾರ ನಾ ಹೇಳ್ತೀನಿ. ಫೈಲ್ ಹಿಡಿದವರಿಗೂ ಭಾರ ಎತ್ತಿದವರಿಗೂ ಒಂದ ವಯಸ್ಸು ಇಡೂದು ಅನ್ಯಾಯ. ಎಲುಬಿನ ವಾರ್ಡ್‌ನಾಗ ದಿನಾ ನೋಡ್ತೀನಿ, 55ಕ್ಕ ಮೊಣಕಾಲ ಮಡಚೂದಿಲ್ಲ. ಜರ್ಮನಿ ಇದನ್ನ ಒಂದೀಟರೆ ಒಪ್ಪ್ಯದ: 45 ವರ್ಷ ಕಂತು ಕಟ್ಟಿದ್ರ, ಪೆನ್ಶನ್ ವಯಸ್ಸು 67 ಇದ್ದವರಿಗೂ 65ಕ್ಕ ಪೂರ್ತಿ ಪೆನ್ಶನ್. ಸಣ್ಣ ವಯಸ್ಸಿನಾಗ ಕೆಲಸಕ್ಕ ಹತ್ತಿದವರಿಗೆ ಅನುಕೂಲ.

ನಿಮ್ಮಪ್ಪಾರದು ಪಿಎಫ್ ಪೆನ್ಶನ್ ಇದ್ರ 58ಕ್ಕ ಹಕ್ಕು ಬರ್ತದ. ತಡದು 60ಕ್ಕ ತಗೊಂಡ್ರ ವರ್ಷಕ್ಕ ಶೇ. 4 ಹೆಚ್ಚಿಗಿ. ಆದ್ರ ಮೊದಲ ಸೊಂಟದ ಎಕ್ಸ್‌ರೇ ತಗಸ್ರಿ.

ಮೋಲ್ಡರ್‌ನ ಮಗ:
ಶೇ. 4ರ ಮಾತು ಗೊತ್ತಿರಲಿಲ್ರೀ ಅಕ್ಕಾ. ಎಕ್ಸ್‌ರೇ ಸೋಮವಾರ ತಗಸ್ತೀನಿ. ಕುಂತು ಮಾಡೂ ಕೆಲಸ ಕೊಟ್ರ 60ರ ತನಕ ಹೋಗಲಿ, ಬಾಕ್ಸ್ ಎತ್ತಾಕ ಮಾತ್ರ ಇನ್ನ ಕಳಸೂದಿಲ್ಲ.