ಪ್ರಶ್ನೋತ್ತರ: ಮಗಳ ಇಂಜಿನಿಯರಿಂಗ್ ಸೀಟು ಮತ್ತು ಏಳೂವರೆ ಲಕ್ಷದ ಗೆರೆ

(ಈ ವಾರ ಉತ್ತರ ಕೊಡುತ್ತಿರುವವರು ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತರಾದ ಮ್ಯಾನೇಜರ್. ಮಕ್ಕಳ ಓದಿನ ಖರ್ಚಿನ ಬಗ್ಗೆ ಏನೇ ಇದ್ದರೂ ಕೇಳಿ.)

ಅರಸೀಕೆರೆಯಿಂದ ಒಬ್ಬ ತಾಯಿ: ನಮಸ್ಕಾರ ಸರ್. ನಮ್ಮವರು ಗೂಡ್ಸ್ ಆಟೋ ಓಡಿಸುತ್ತಾರೆ, ನಾನು ಬ್ಲೌಸ್ ಹೊಲಿಯುತ್ತೇನೆ. ಇಬ್ಬರದ್ದೂ ಸೇರಿ ತಿಂಗಳಿಗೆ 30 ಸಾವಿರ ದಾಟಲ್ಲ. ಮಗಳಿಗೆ ಸಿಇಟಿಯಲ್ಲಿ ಹಾಸನದ ಕಾಲೇಜಲ್ಲಿ ಇನ್ಫರ್ಮೇಷನ್ ಸೈನ್ಸ್ ಸಿಕ್ಕಿದೆ. ಫೀಸು, ಪುಸ್ತಕ, ಓಡಾಟ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಆಗುತ್ತೆ. ಖಾಸಗಿ ಕಾಲೇಜುಗಳ ಪರೀಕ್ಷೆ ಕಾಮೆಡ್‌ಕೆಯಲ್ಲಿ ಬೆಂಗಳೂರಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತಿದೆ. ಅಲ್ಲಿ ಹಾಸ್ಟೆಲ್ ಸೇರಿ ವರ್ಷಕ್ಕೆ ನಾಲ್ಕು ಲಕ್ಷ. ಮಗಳಿಗೆ ಬೆಂಗಳೂರೇ ಬೇಕಂತೆ. ಬ್ಯಾಂಕ್ ಸಾಲ ಸಿಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಏನು ಮಾಡೋದು?

ಉತ್ತರ: ನಮಸ್ಕಾರ ಅಮ್ಮ. ಸಾಲ ಸಿಗುತ್ತೆ. ಎಷ್ಟು ಸಿಗುತ್ತೆ ಅನ್ನೋದನ್ನು ಆಮೇಲೆ ನೋಡೋಣ. ಮೊದಲು ಎಷ್ಟು ತೀರಿಸಬೇಕಾಗುತ್ತೆ ಅಂತ ಲೆಕ್ಕ ಹಾಕೋಣ. ಬಡ್ಡಿ ಶೇ 10 ಅಂತ ಇಟ್ಟುಕೊಳ್ಳಿ.

ಹಾಸನ: ನಾಲ್ಕು ವರ್ಷಕ್ಕೆ ಆರು ಲಕ್ಷ. ಬ್ಯಾಂಕು ಈ ಹಣ ಒಟ್ಟಿಗೆ ಕೊಡಲ್ಲ, ವರ್ಷ ವರ್ಷ ಬಿಡುಗಡೆ ಮಾಡುತ್ತೆ. ಓದುವ ನಾಲ್ಕು ವರ್ಷ, ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಸುಮ್ನೆ ಕೂರಲ್ಲ. ಮೊದಲ ವರ್ಷದ ಒಂದೂವರೆ ಲಕ್ಷಕ್ಕೆ ಐದು ವರ್ಷದಲ್ಲಿ 75,000, ಎರಡನೆಯದಕ್ಕೆ 60,000, ಆಮೇಲೆ 45,000, ಕೊನೆಯದಕ್ಕೆ 30,000. ಒಟ್ಟು 2,10,000. ಕಂತು ಶುರುವಾಗುವ ದಿನ ಸಾಲ ಆರು ಲಕ್ಷ ಅಲ್ಲ, 8,10,000. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 10,700.

ಬೆಂಗಳೂರು: 16 ಲಕ್ಷ ಸಾಲ, ಅದೇ ಲೆಕ್ಕದಲ್ಲಿ 5,60,000 ಬಡ್ಡಿ. ತಿಂಗಳಿಗೆ ಸುಮಾರು 28,500. ಕೆಲಸಕ್ಕೆ ಸೇರಿದ ಮೊದಲ ವರ್ಷ ಹುಡುಗಿಯ ಸಂಬಳ ಎಷ್ಟಿರಬಹುದು, ಅದರಲ್ಲಿ ಬಾಡಿಗೆ, ಊಟ ಕಳೆದು ಇದು ಉಳಿಯುತ್ತಾ? ಈ ಕಾಗದವನ್ನು ಮಗಳ ಮುಂದೆಯೇ ಇಟ್ಟು ಮಾತಾಡಿ. ಕೂಡಿ ಕಳೆಯೋದು ಅವಳ ಕೈಯಲ್ಲೇ ಆಗಲಿ.

ಇನ್ನೊಂದು ಮಾತು. ಏಳೂವರೆ ಲಕ್ಷದವರೆಗೆ ಮನೆ ಪತ್ರ, ಬೇರೆಯವರ ಜಾಮೀನು ಯಾವುದೂ ಇಲ್ಲದೆ ಸಾಲ ಕೊಡಲು ಕೇಂದ್ರ ಸರ್ಕಾರದ ಗ್ಯಾರಂಟಿ ನಿಧಿ ಇದೆ. ಅದನ್ನು ದಾಟಿದರೆ ಸಾಮಾನ್ಯವಾಗಿ ಮನೆಯನ್ನೋ ಸೈಟನ್ನೋ ಅಡಮಾನ ಇಡಬೇಕು. ಹಾಸನದ ಸೀಟು ಈ ಗೆರೆಯ ಒಳಗೆ ಬರುತ್ತೆ, ಬೆಂಗಳೂರಿನದ್ದು ಬರಲ್ಲ. ನಾನಾಗಿದ್ದರೆ ಹಾಸನ. ಅರಸೀಕೆರೆಯಿಂದ ರೈಲಿದೆ, ಪಾಸು ಮಾಡಿಸಿದರೆ ಓಡಾಟ ಹಗುರ. ಕಂಪ್ಯೂಟರ್ ಸೈನ್ಸಿಗೂ ಇನ್ಫರ್ಮೇಷನ್ ಸೈನ್ಸಿಗೂ ಇರುವ ವ್ಯತ್ಯಾಸಕ್ಕೆ ಹತ್ತು ಲಕ್ಷ ಜಾಸ್ತಿ ಕೊಡಬೇಕಾ ಅನ್ನೋದು ನನ್ನ ಪ್ರಶ್ನೆ. ಇದನ್ನು ಓದಿ ಬೇಜಾರಾಗುವ ಮಕ್ಕಳು ಇಲ್ಲೂ ಇರುತ್ತಾರೆ, ಬೈದುಕೊಳ್ಳಲಿ ಪರವಾಗಿಲ್ಲ.

ಅದೇ ತಾಯಿ: ಸರ್, ಆ 2,10,000 ಕೇಳಿ ಎದೆ ಝಲ್ಲೆಂದಿತು. ಅದನ್ನು ತಪ್ಪಿಸೋಕೆ ಆಗಲ್ವಾ?

ಉತ್ತರ: ಆಗುತ್ತೆ. ನಿಮ್ಮಂಥವರಿಗೆ ಅಂತಲೇ ಇದೆ. ಮನೆಯ ಒಟ್ಟು ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದ ಒಳಗಿದ್ದು, ಇಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸ್ ಆಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಆ ಕೋರ್ಸಿಗೆ ಎನ್‌ಬಿಎ ಮಾನ್ಯತೆ (ಗುಣಮಟ್ಟ ನೋಡಿ ಕೊಡುವಂಥದ್ದು) ಇದ್ದರೆ, ಆ ಐದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುತ್ತೆ. 2009ರಿಂದ ಇರುವ ಬಡ್ಡಿ ಸಬ್ಸಿಡಿ ಯೋಜನೆ ಇದು. ನನ್ನ ಟೇಬಲ್ ಮುಂದೆ ಕೂತವರಲ್ಲಿ ಎಷ್ಟೋ ಜನರಿಗೆ ಇದರ ಹೆಸರೇ ಗೊತ್ತಿರಲಿಲ್ಲ. ಸಾಲದ ಅರ್ಜಿ ಕೊಡುವಾಗಲೇ 'ನಮ್ಮದು ಬಡ್ಡಿ ಸಬ್ಸಿಡಿಗೆ ಬರುತ್ತೆ, ಸೇರಿಸಿ' ಅಂತ ಬಾಯಿಬಿಟ್ಟು ಹೇಳಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು. ಸಿಇಟಿ ಅರ್ಜಿಗೆ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಹಾಕಿದ್ದೀರಲ್ಲ, ಅದೇ ಪತ್ರ. ಮಧ್ಯದಲ್ಲಿ ಓದು ಬಿಟ್ಟರೆ ಸಬ್ಸಿಡಿ ನಿಲ್ಲುತ್ತೆ.

ಆದಾಯ ನಾಲ್ಕೂವರೆ ದಾಟಿ ಎಂಟು ಲಕ್ಷದ ಒಳಗಿರುವವರು ಪಿಎಂ ವಿದ್ಯಾಲಕ್ಷ್ಮಿ ನೋಡಿ. 2024ರ ನವೆಂಬರ್‌ನಲ್ಲಿ ಬಂದದ್ದು. ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ. ಆದರೆ ಪಟ್ಟಿಯಲ್ಲಿರುವ ಕಾಲೇಜಿಗೆ ಮಾತ್ರ, ಮ್ಯಾನೇಜ್‌ಮೆಂಟ್ ಸೀಟಿಗೆ ಇಲ್ಲ.

ಯಾವ ಸಬ್ಸಿಡಿಯೂ ಸಿಗದಿದ್ದವರು ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತಾ ಹೋಗಿ. ಹಾಸನದ ಆರು ಲಕ್ಷದ ಸಾಲಕ್ಕೆ ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಮೂರನೇ ವರ್ಷ 3,750, ಆಮೇಲೆ 5,000. ಆಗ ಕಂತು 10,700ರ ಬದಲು 7,900 ಆಗುತ್ತೆ. ಹೀಗೆ ಕಟ್ಟುವವರಿಗೆ ಶೇ 1 ಬಡ್ಡಿ ಕಡಿಮೆ ಮಾಡುವ ಬ್ಯಾಂಕುಗಳೂ ಇವೆ, ಕೇಳಿ ನೋಡಿ.

ತುಮಕೂರಿನ ಒಬ್ಬರು: ನಾವು ಹೋದ ಬ್ರಾಂಚಿನಲ್ಲಿ ಐದು ಲಕ್ಷದ ಸಾಲಕ್ಕೆ ಎರಡು ಲಕ್ಷ ಎಫ್‌ಡಿ ಇಡಿ ಅಂದರು. ಎರಡು ಲಕ್ಷ ಇದ್ದಿದ್ದರೆ ಅಲ್ಲಿಗೆ ಯಾಕೆ ಹೋಗುತ್ತಿದ್ದೆ ಸರ್?

ಉತ್ತರ: ನ್ಯಾಯವಾದ ಮಾತು. ಐದು ಲಕ್ಷ ಆ ಏಳೂವರೆ ಲಕ್ಷದ ಗೆರೆಯ ಒಳಗೇ ಇದೆ. ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಶಿಕ್ಷಣ ಸಾಲಕ್ಕೆ ಅಂತ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಗ ಅದಕ್ಕೊಂದು ದಾಖಲೆ ಇರುತ್ತೆ. ಆಗಲ್ಲ ಅಂದರೆ ಕಾರಣ ಬರೆದುಕೊಡಿ ಅಂತ ಕೇಳಿ. 'ಬರೆದುಕೊಡಿ' ಅಂದಾಗ ಅರ್ಧ ಜನ ಮೆತ್ತಗಾಗುತ್ತಾರೆ, ನಾನು ಆ ಕಡೆ ಕೂತು ನೋಡಿದ್ದೇನೆ. ಆಗಲೂ ಆಗದಿದ್ದರೆ ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ದೂರು ಕೇಳೋಕೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಅದಕ್ಕೆ ಮೊದಲು ನಿಮ್ಮ ಸಿಬಿಲ್ (ಹಳೇ ಸಾಲ, ಜಾಮೀನುಗಳ ದಾಖಲೆ) ಒಮ್ಮೆ ತೆಗೆಸಿ ನೋಡಿ. ಒಬ್ಬ ರೈತರ ಅರ್ಜಿ ನನ್ನ ಹತ್ತಿರ ಬಂದಿತ್ತು. ಸ್ವಂತ ಸಾಲ ಒಂದು ರೂಪಾಯಿ ಬಾಕಿ ಇರಲಿಲ್ಲ. ಹಿಂದೆ ಷಡ್ಕನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿ ಮರೆತೇಬಿಟ್ಟಿದ್ದರು. ಆತ ಕಟ್ಟಿರಲಿಲ್ಲ, ಹೊಡೆತ ಬಿದ್ದದ್ದು ಇವರ ಮಗನ ಸಾಲಕ್ಕೆ.

ತೀರ್ಥಹಳ್ಳಿಯಿಂದ: ನನ್ನ ಮಗಳಿಗೆ ಈಗ ಆರು ವರ್ಷ. ಸುಕನ್ಯಾ ಸಮೃದ್ಧಿಗೆ ತಿಂಗಳಿಗೆ 2,000 ಹಾಕಿದರೆ ಕಾಲೇಜಿಗೆ ಸಾಕಾಗುತ್ತಾ?

ಉತ್ತರ: ಒಳ್ಳೆಯ ಖಾತೆ, ಹಾಕಿ. ಆದರೆ ಅದು ಮುಗಿಯೋದು ತೆರೆದು 21 ವರ್ಷಕ್ಕೆ, ಅಂದರೆ ಅವಳಿಗೆ 27 ಆದಾಗ. ಓದಿಗೆ ಅಂತ 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ ತೆಗೆಯಬಹುದು, ಅದೂ ಅರ್ಧ ಮಾತ್ರ. 2024ರಲ್ಲಿದ್ದ ಶೇ 8.2 ಬಡ್ಡಿಯೇ ಇರುತ್ತೆ ಅಂದುಕೊಂಡರೂ 18ನೇ ವಯಸ್ಸಿಗೆ ಸುಮಾರು ನಾಲ್ಕೂಮುಕ್ಕಾಲು ಲಕ್ಷ ಇರುತ್ತೆ, ಕೈಗೆ ಬರೋದು ಅದರ ಅರ್ಧ. ಹಾಗಾಗಿ ಪಕ್ಕದಲ್ಲಿ ಬ್ಯಾಂಕಿನ ಒಂದು ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಇಡಿ. ಅಡಿಕೆ ದುಡ್ಡು ಬಂದ ವರ್ಷ ಅದರಲ್ಲಿ ಒಂದಿಷ್ಟು ಎಫ್‌ಡಿಗೆ ಹಾಕಿ. ಸುಕನ್ಯಾಗೆ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕಟ್ಟಿ. ಆರಕ್ಕೆ ಕಟ್ಟಿದರೆ ಆ ದುಡ್ಡಿಗೆ ಆ ತಿಂಗಳ ಬಡ್ಡಿ ಹೋಯಿತು.

ಶಿಕ್ಷಕರೊಬ್ಬರು: ಮಗನ ಸಾಲದ ಬಡ್ಡಿಗೆ ಟ್ಯಾಕ್ಸ್ ವಿನಾಯಿತಿ ಇದೆಯಲ್ವಾ?

ಉತ್ತರ: ಇದೆ, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು 80ಇ ಸೆಕ್ಷನ್. ಬಡ್ಡಿಗೆ ಮಾತ್ರ, ಎಂಟು ವರ್ಷ, ಹಳೇ ಪದ್ಧತಿಯಲ್ಲಿ ಟ್ಯಾಕ್ಸ್ ಕಟ್ಟುವವರಿಗೆ. ಹೊಸದರಲ್ಲಿ ಇಲ್ಲ.

ಅರಸೀಕೆರೆಯ ತಾಯಿ: ಸರ್, ನಿನ್ನೆ ರಾತ್ರಿ ಮಗಳೇ ಲೆಕ್ಕ ಹಾಕಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಹಾಸನಕ್ಕೆ ಚಾಯ್ಸ್ 1 (ಈ ಸೀಟೇ ಸಾಕು ಅಂತ) ಒತ್ತಿದಳು. ಈಗ ಇನ್ನೊಂದು ತಲೆನೋವು. ಫೀಸು ಕಟ್ಟೋಕೆ ಮೂರ್ನಾಲ್ಕು ದಿನ ಅಷ್ಟೇ ಇದೆ. ಸಾಲ ಅಷ್ಟರಲ್ಲಿ ಬರುತ್ತಾ?

ಉತ್ತರ: ಬರಲ್ಲ ಅಮ್ಮ. ಮೊದಲ ವರ್ಷದ ಫೀಸನ್ನು ಕೈಯಿಂದಲೇ ಕಟ್ಟಬೇಕಾಗುತ್ತೆ. ಮೀಟರ್ ಬಡ್ಡಿಗೆ ಮಾತ್ರ ಹೋಗಬೇಡಿ. ಸಂಘದ ಸಾಲ, ಚೀಟಿ, ಇಲ್ಲವಾದರೆ ಬ್ಯಾಂಕಲ್ಲೇ ಚಿನ್ನದ ಮೇಲೆ ತೆಗೆದುಕೊಳ್ಳಿ. ಕಟ್ಟಿದ ಫೀಸನ್ನು ರಸೀದಿ ನೋಡಿ ಸಾಲದಲ್ಲಿ ವಾಪಸ್ ಕೊಡುವ ಬ್ಯಾಂಕುಗಳಿವೆ. ಹಣ ಕಟ್ಟುವ ಮೊದಲೇ ಬ್ರಾಂಚಿಗೆ ಹೋಗಿ ಇದನ್ನು ಕೇಳಿಕೊಳ್ಳಿ. ಹೋಗುವಾಗ ಸೀಟು ಹಂಚಿಕೆ ಪತ್ರ, ಕಾಲೇಜಿನ ನಾಲ್ಕೂ ವರ್ಷದ ಫೀಸಿನ ವಿವರ, ಇಬ್ಬರ ಆಧಾರ್, ಪ್ಯಾನ್, ಆದಾಯ ಪತ್ರ ಎಲ್ಲದರ ಎರಡೆರಡು ಜೆರಾಕ್ಸ್ ಇರಲಿ. ಮಗಳನ್ನೂ ಕರೆದುಕೊಂಡು ಹೋಗಿ, ಸಾಲ ಅವಳ ಹೆಸರಲ್ಲೇ ಇರೋದು. ಲ್ಯಾಪ್‌ಟಾಪನ್ನೂ ಆ ವಿವರದಲ್ಲಿ ಬರೆಸಿ, ಆಮೇಲೆ ಸೇರಿಸೋದು ಕಷ್ಟ.